ನಿದ್ದೆಯನ್ನು ಅಟ್ಟಿಸಿಕೊಂಡು ಹೋಗಬೇಡಿ



ಕಳೆದ ತಿಂಗಳು ಜೀವಶಾಸ್ತ್ರ ಪ್ರಯೋಗಾಲಯದಲ್ಲಿ ದ್ವಿತೀಯ ಪಿಯುಸಿಯ ಒಬ್ಬ ವಿದ್ಯಾರ್ಥಿನಿ ಸೂಕ್ಷ್ಮದರ್ಶಕದಲ್ಲಿ ಸ್ಲೈಡ್ ನೋಡುತ್ತಾ ಹಾಗೆಯೇ ತೂಕಡಿಸಿದಳು. ಪಕ್ಕದವರು ನಕ್ಕರು. ನಾನೂ ಗದರಿಸಲು ಹೊರಟವಳು, ಅವಳ ಕಣ್ಣುಗಳನ್ನು ನೋಡಿ ಸುಮ್ಮನಾದೆ. ತರಗತಿ ಮುಗಿದ ಮೇಲೆ ಕರೆದು ವಿಚಾರಿಸಿದೆ.

"ರಾತ್ರಿ ಎರಡು ಗಂಟೆಯಾದರೂ ನಿದ್ದೆ ಬರುವುದಿಲ್ಲ ಮೇಡಂ. ಹತ್ತಕ್ಕೇ ಮಲಗುತ್ತೇನೆ. ಮಲಗಿದ ಕೂಡಲೇ ತಲೆಯೊಳಗೆ ಎಲ್ಲ ಶುರುವಾಗುತ್ತದೆ. ನಿನ್ನೆ ನಮ್ಮ ನಾನಿಯ ನಿದ್ದೆ ಮಾತ್ರೆಯಲ್ಲಿ ಅರ್ಧ ತೆಗೆದುಕೊಂಡೆ. ನಿದ್ದೆ ಬಂತು, ಆದರೆ ಬೆಳಗ್ಗೆಯಿಂದ ತಲೆ ಭಾರ. ಪರೀಕ್ಷೆ ಮುಗಿಯುವವರೆಗೆ ಹಾಗೇ ತೆಗೆದುಕೊಳ್ಳಬಹುದಾ?"

ಈ ಪ್ರಶ್ನೆಗೆ ಅಂದು "ಬೇಡ" ಎಂದಷ್ಟೇ ಹೇಳಲು ನನಗೆ ಸಾಧ್ಯವಾಯಿತು. ಯಾಕೆ ಬೇಡ, ಅದರ ಬದಲು ಏನು ಮಾಡಬೇಕು ಎಂಬುದನ್ನು ವಿವರವಾಗಿ ಹೇಳಲು ಈ ಲೇಖನ. ಅವಳ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಆ ವಾರ ತರಗತಿಯಲ್ಲಿ "ಯಾರಿಗೆಲ್ಲ ಮಲಗಿದ ಮೇಲೆ ನಿದ್ದೆ ಬರುವುದಿಲ್ಲ?" ಎಂದು ಕೇಳಿದಾಗ ಎದ್ದ ಕೈಗಳು ಕಡಿಮೆಯಿರಲಿಲ್ಲ. ಆದ್ದರಿಂದ ಇದು ಒಬ್ಬಳಿಗಾಗಿ ಬರೆದದ್ದಲ್ಲ.

ನನ್ನ ನಾಲ್ಕು ತಿಂಗಳು

ಮೊದಲು ನನ್ನ ಕಥೆ ಹೇಳಿಬಿಡುತ್ತೇನೆ. ಕೆಲವು ವರ್ಷಗಳ ಹಿಂದೆ ನನ್ನ ತಾಯಿ ಮೂರು ವಾರ ಆಸ್ಪತ್ರೆಯಲ್ಲಿದ್ದರು. ರಾತ್ರಿ ಫೋನ್ ಬಂದರೆ ಎದೆ ಝಲ್ಲೆನ್ನುತ್ತಿತ್ತು. ಆ ದಿನಗಳಲ್ಲಿ ನಿದ್ದೆ ಇಲ್ಲದೇ ಹೋದದ್ದು ಸಹಜ. ತಾಯಿ ಗುಣವಾಗಿ ಮನೆಗೆ ಬಂದರು. ನನ್ನ ನಿದ್ದೆ ಮಾತ್ರ ಮರಳಿ ಬರಲಿಲ್ಲ.

ಚಿಂತಿಸಲು ಕಾರಣವೇ ಇರಲಿಲ್ಲ. ಆದರೂ ಹಾಸಿಗೆಗೆ ಹೋದ ತಕ್ಷಣ ಕಣ್ಣು ತೆರೆದುಕೊಳ್ಳುತ್ತಿತ್ತು. ಗಡಿಯಾರ ನೋಡುತ್ತಿದ್ದೆ. ಹನ್ನೆರಡು. ಈಗ ಮಲಗಿದರೂ ಐದೂವರೆ ಗಂಟೆ ಸಿಗುತ್ತದೆ. ಒಂದು. ಈಗ ಮಲಗಿದರೆ ನಾಲ್ಕೂವರೆ. ಹೀಗೆ ಲೆಕ್ಕ ಹಾಕುತ್ತಲೇ ಫಜ್ರ್‌ ಅಜಾನ್ ಕೇಳಿಸುತ್ತಿತ್ತು. ನಿದ್ದೆಯನ್ನು ಸರಿದೂಗಿಸಲೆಂದು ಎಂಟೂವರೆಗೇ ಮಲಗತೊಡಗಿದೆ, ಭಾನುವಾರ ಹತ್ತರವರೆಗೆ ಹೊರಳಾಡಿದೆ, ಮಧ್ಯಾಹ್ನ ಎರಡು ಗಂಟೆ ಮಲಗಿದೆ. ರೋಗ ಇನ್ನಷ್ಟು ಹೆಚ್ಚಿತು.

ಕೊನೆಗೆ ವೈದ್ಯರ ಬಳಿ ಹೋದೆ. ಅವರು ನನ್ನ ಮಾತನ್ನೆಲ್ಲ ಕೇಳಿ ಹೇಳಿದ್ದು ಇಷ್ಟು: "ನಿದ್ದೆ ಕೆಡಿಸಿದ ಕಾರಣ ಹೋಗಿದೆ. ನಿದ್ದೆ ಬರಲೆಂದು ನೀವು ಶುರುಮಾಡಿದ ಅಭ್ಯಾಸಗಳು ಉಳಿದಿವೆ. ಈಗ ನಿಮ್ಮನ್ನು ಎಚ್ಚರವಾಗಿಡುತ್ತಿರುವುದು ಆ ಅಭ್ಯಾಸಗಳೇ."

ನನಗೆ ಇದು ದೊಡ್ಡ ಪಾಠವಾಯಿತು. ನಿದ್ದೆಯನ್ನು ಕಳೆಯುವ ಕಾರಣ ಒಂದು, ಅದನ್ನು ಬಾರದಂತೆ ತಡೆಯುವ ಕಾರಣ ಇನ್ನೊಂದು. ಪರೀಕ್ಷೆಯ ಭಯದಿಂದ ನಾಲ್ಕು ದಿನ ನಿದ್ದೆ ಕೆಡುವುದು ಯಾರಿಗಾದರೂ ಆಗುತ್ತದೆ. ಆ ನಾಲ್ಕು ದಿನದ ಹೆದರಿಕೆಯಿಂದ ನಾವು ನಿದ್ದೆಯ ಹಿಂದೆ ಓಡಲು ಆರಂಭಿಸಿದಾಗ ಅದು ನಾಲ್ಕು ತಿಂಗಳಾಗುತ್ತದೆ.

ನಿದ್ದೆ ಹೇಗೆ ಬರುತ್ತದೆ?

ಪಾಠದ ಭಾಗಕ್ಕೆ ಬರೋಣ. ನಿದ್ದೆಯನ್ನು ತರುವುದು ಮುಖ್ಯವಾಗಿ ಎರಡು ವ್ಯವಸ್ಥೆಗಳು. ಸ್ವಿಟ್ಜರ್ಲೆಂಡಿನ ವಿಜ್ಞಾನಿ ಅಲೆಕ್ಸಾಂಡರ್ ಬೊರ್ಬೆಲಿ 1982ರಲ್ಲಿ ಈ ಎರಡನ್ನೂ ಸೇರಿಸಿ ವಿವರಿಸಿದರು.

ಮೊದಲನೆಯದು ನಿದ್ದೆಯ ಒತ್ತಡ. ನಾವು ಎಚ್ಚರವಿದ್ದಷ್ಟೂ ಹೊತ್ತು ಮಿದುಳಿನಲ್ಲಿ ಅಡೆನೊಸಿನ್ ಎಂಬ ವಸ್ತು ಸಂಗ್ರಹವಾಗುತ್ತಾ ಹೋಗುತ್ತದೆ. ಜೀವಕೋಶದ ಶಕ್ತಿಯ ನಾಣ್ಯ ಎಂದು ನೀವು ಓದುವ ಎಟಿಪಿಯಲ್ಲಿ ಇರುವ ಅಡೆನೊಸಿನ್ ಇದೇ. ಇದು ಹೆಚ್ಚಾದಂತೆ ಮಂಪರು ಹೆಚ್ಚುತ್ತದೆ, ಮಲಗಿದಾಗ ಇಳಿಯುತ್ತದೆ. ಇದು ಹಸಿವಿದ್ದಂತೆ. ಸಂಜೆ ಹೊಟ್ಟೆ ತುಂಬ ತಿಂಡಿ ತಿಂದರೆ ರಾತ್ರಿ ಊಟ ಸೇರುವುದಿಲ್ಲ. ಹಾಗೆಯೇ ಸಂಜೆ ಎರಡು ಗಂಟೆ ಮಲಗಿದರೆ ರಾತ್ರಿಯ ನಿದ್ದೆಯ ಹಸಿವು ಸಾಯುತ್ತದೆ.

ಎರಡನೆಯದು ದೇಹದ ಗಡಿಯಾರ. ಹೈಪೋಥಲಾಮಸ್‌ನಲ್ಲಿರುವ ಒಂದು ಪುಟ್ಟ ನರಕೋಶಗಳ ಗುಂಪು ಸುಮಾರು 24 ಗಂಟೆಯ ಲಯವನ್ನು ಕಾಯುತ್ತದೆ. ಕಣ್ಣಿನ ರೆಟಿನಾದಿಂದ ಬೆಳಕಿನ ಸುದ್ದಿ ಇಲ್ಲಿಗೆ ತಲುಪುತ್ತದೆ. ಕತ್ತಲಾದಾಗ ಪೀನಿಯಲ್ ಗ್ರಂಥಿ ಮೆಲಟೋನಿನ್ ಸ್ರವಿಸುತ್ತದೆ. ಪ್ರಥಮ ಪಿಯುಸಿ ಜೀವಶಾಸ್ತ್ರದ ಕೊನೆಯ ಅಧ್ಯಾಯದಲ್ಲಿ ಇದನ್ನು ಒಂದೆರಡು ಸಾಲಿನಲ್ಲಿ ಓದಿ ಮುಂದೆ ಹೋಗಿರುತ್ತೀರಿ. ಈ ಗಡಿಯಾರದ ಒಳಗೆ ಜೀನ್‌ಗಳು ಹೇಗೆ ಕೆಲಸ ಮಾಡುತ್ತವೆ ಎಂದು ಹಣ್ಣಿನ ನೊಣಗಳಲ್ಲಿ ಕಂಡುಹಿಡಿದದ್ದಕ್ಕೆ ಹಾಲ್, ರೋಸ್‌ಬ್ಯಾಶ್ ಮತ್ತು ಯಂಗ್ ಎಂಬ ಮೂವರಿಗೆ 2017ರ ನೊಬೆಲ್ ಬಹುಮಾನ ಬಂದಿದೆ.

ಹದಿಹರೆಯದಲ್ಲಿ ಈ ಗಡಿಯಾರ ಸ್ವಲ್ಪ ಹಿಂದೆ ಬೀಳುತ್ತದೆ. ಅಮ್ಮನಿಗೆ ಒಂಬತ್ತೂವರೆಗೆ ಆಕಳಿಕೆ ಬಂದರೆ ನಿಮಗೆ ಹನ್ನೊಂದಕ್ಕೆ ಬರಬಹುದು. ಇದು ಸೋಮಾರಿತನವಲ್ಲ, ಶರೀರದ ಬೆಳವಣಿಗೆಯ ಭಾಗ. ಆದರೆ ನಿಮ್ಮ ವಯಸ್ಸಿಗೆ ಬೇಕಾದ ನಿದ್ದೆ 8ರಿಂದ 10 ಗಂಟೆ. ತಡವಾಗಿ ಬರುವ ನಿದ್ದೆ, ಬೇಗ ಬರುವ ಕಾಲೇಜು ಬಸ್ಸು. ಇವೆರಡರ ನಡುವೆ ನೀವು ಸಿಕ್ಕಿಕೊಂಡಿದ್ದೀರಿ.

ಈ ಎರಡೂ ಸರಿಯಿದ್ದರೂ ನಿದ್ದೆಯನ್ನು ತಡೆಯಬಲ್ಲ ಮೂರನೆಯದೊಂದಿದೆ: ಅಪಾಯದ ಕರೆಗಂಟೆ. ಹೆದರಿದಾಗ ಅಡ್ರಿನಲ್ ಗ್ರಂಥಿ ಎಚ್ಚರಿಸುವ ಹಾರ್ಮೋನುಗಳನ್ನು ಬಿಡುತ್ತದೆ, ಹೃದಯ ಜೋರಾಗಿ ಬಡಿಯುತ್ತದೆ. ಹುಲಿ ಬಂದಾಗ ನಿದ್ದೆ ಬಂದಿದ್ದರೆ ಮನುಷ್ಯ ಉಳಿಯುತ್ತಿರಲಿಲ್ಲ. ಆದರೆ ದೇಹಕ್ಕೆ ಹುಲಿಗೂ ಭೌತಶಾಸ್ತ್ರದ ಪ್ರಶ್ನೆಪತ್ರಿಕೆಗೂ ವ್ಯತ್ಯಾಸ ತಿಳಿಯುವುದಿಲ್ಲ. "ಈಗಲೇ ನಿದ್ದೆ ಬರಬೇಕು, ಬರದಿದ್ದರೆ ನಾಳೆ ಹಾಳು" ಎಂಬ ಯೋಚನೆಯೂ ಅದಕ್ಕೆ ಹುಲಿಯೇ. ಪ್ರಯತ್ನಪಟ್ಟಷ್ಟೂ ನಿದ್ದೆ ದೂರ ಹೋಗುವುದು ಇದರಿಂದಾಗಿ.

ಮಲಗುವುದೂ ಓದಿನ ಭಾಗ

"ನಿದ್ದೆಗೆಟ್ಟು ಓದಿದರೆ ನಾಲ್ಕು ಅಂಕ ಹೆಚ್ಚು ಬರುತ್ತದೆ" ಎನ್ನುವವರಿಗೆ ನೂರು ವರ್ಷ ಹಳೆಯ ಪ್ರಯೋಗವೊಂದನ್ನು ಹೇಳುತ್ತೇನೆ. 1924ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಜೆಂಕಿನ್ಸ್ ಮತ್ತು ಡಲೆನ್‌ಬಾಕ್ ಎಂಬಿಬ್ಬರು, ಇಬ್ಬರು ವಿದ್ಯಾರ್ಥಿಗಳಿಗೆ ಅರ್ಥವಿಲ್ಲದ ಹತ್ತು ಹತ್ತು ಅಕ್ಷರಗುಚ್ಛಗಳನ್ನು ಬಾಯಿಪಾಠ ಮಾಡಿಸಿದರು. ಕಲಿತ ಮೇಲೆ ಎಂಟು ಗಂಟೆ ಮಲಗಿ ಎದ್ದಾಗ ಹತ್ತರಲ್ಲಿ ಐದಾರು ನೆನಪಿದ್ದವು. ಕಲಿತ ಮೇಲೆ ಎಂಟು ಗಂಟೆ ಎಚ್ಚರವಿದ್ದಾಗ ನೆನಪಿದ್ದದ್ದು ಹೆಚ್ಚುಕಡಿಮೆ ಒಂದು.

ಆಮೇಲಿನ ಸಂಶೋಧನೆಗಳು ಇದನ್ನು ಬಲಪಡಿಸಿವೆ. ಹಗಲು ಓದಿದ್ದನ್ನು ಮಿದುಳು ಗಾಢ ನಿದ್ದೆಯಲ್ಲಿ ಮತ್ತೆ ಮತ್ತೆ ಹಾಯಿಸಿ ಗಟ್ಟಿಗೊಳಿಸುತ್ತದೆ. ಓದುವುದು ಬರವಣಿಗೆಯಾದರೆ ನಿದ್ದೆ ಅದಕ್ಕೆ ಒತ್ತುವ ಮುದ್ರೆ. ಅರ್ಧ ಸಿಲೆಬಸ್ ಓದಿ ಚೆನ್ನಾಗಿ ಮಲಗಿ ಎಂದು ನಾನು ಹೇಳುತ್ತಿಲ್ಲ. ರಾತ್ರಿ ಒಂದರ ನಂತರ ತಿರುವಿದ ಪುಟಗಳ ಲೆಕ್ಕವನ್ನು ಓದಿನ ಲೆಕ್ಕಕ್ಕೆ ಸೇರಿಸಬೇಡಿ ಎನ್ನುತ್ತಿದ್ದೇನೆ.

ನಿದ್ದೆ ಬಾರದಿದ್ದಾಗ ಏನು ಮಾಡಬೇಕು?

ಇವು ನಾನು ವೈದ್ಯರಿಂದ ಕಲಿತು, ಮಾಡಿ ನೋಡಿದ ವಿಧಾನಗಳು. ಒಂದೊಂದರ ಹಿಂದೆಯೂ ದಶಕಗಳ ಅಭ್ಯಾಸವಿದೆ.

1. ಹಾಸಿಗೆ ನಿದ್ದೆಗೆ ಮಾತ್ರ. 1972ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ರಿಚರ್ಡ್ ಬೂಟ್ಜಿನ್ ಹೇಳಿದ ಸರಳ ನಿಯಮಗಳಿವು. ನಿದ್ದೆ ತೂಗಿದಾಗ ಮಾತ್ರ ಹಾಸಿಗೆಗೆ ಹೋಗಿ. ಅಂದಾಜು 20 ನಿಮಿಷವಾದರೂ ನಿದ್ದೆ ಬಾರದಿದ್ದರೆ ಎದ್ದುಬಿಡಿ. ಮಂದ ಬೆಳಕಿನಲ್ಲಿ ಕುಳಿತು ಬೇಸರ ಹುಟ್ಟಿಸುವಂಥದ್ದೇನಾದರೂ ಮಾಡಿ. ಬಟ್ಟೆ ಮಡಚಬಹುದು, ಹಳೆಯ ಪತ್ರಿಕೆ ಓದಬಹುದು. ಮೊಬೈಲ್ ಬೇಡ, ಪಠ್ಯಪುಸ್ತಕವೂ ಬೇಡ. ಮತ್ತೆ ಕಣ್ಣು ಎಳೆದಾಗ ಮಲಗಿ. ಬಾರದಿದ್ದರೆ ಮತ್ತೆ ಏಳಿ. ಎಷ್ಟೇ ಕಡಿಮೆ ನಿದ್ದೆಯಾಗಿದ್ದರೂ ಬೆಳಗ್ಗೆ ಒಂದೇ ಸಮಯಕ್ಕೆ ಏಳಿ.

ಪಾವ್ಲೋವನ ನಾಯಿ ಗಂಟೆಯ ಸದ್ದಿಗೆ ಜೊಲ್ಲು ಸುರಿಸಲು ಕಲಿತಂತೆ, ನಾವೂ ಹಾಸಿಗೆ ಕಂಡರೆ ಎಚ್ಚರಗೊಳ್ಳಲು ಕಲಿತಿರುತ್ತೇವೆ. ಅಲ್ಲೇ ಓದು, ಅಲ್ಲೇ ರೀಲ್ಸ್, ಅಲ್ಲೇ ಊಟ, ಅಲ್ಲೇ ಅಳು. ಹಾಸಿಗೆ ಎಂದರೆ ನಿದ್ದೆ ಎಂದು ದೇಹಕ್ಕೆ ಮತ್ತೆ ಕಲಿಸಬೇಕು. ನಮ್ಮ ಹಿರಿಯರು ಬೆಳಗ್ಗೆ ಎದ್ದ ಕೂಡಲೇ ಹಾಸಿಗೆ ಸುತ್ತಿಟ್ಟು, ರಾತ್ರಿ ಮಾತ್ರ ಬಿಚ್ಚುತ್ತಿದ್ದರು. ಜಾಗ ಸಾಲದೆಂದು ಮಾಡುತ್ತಿದ್ದದ್ದು ನಿದ್ದೆಗೂ ಒಳ್ಳೆಯದೇ ಆಗಿತ್ತು.

ಹಾಸ್ಟೆಲಿನಲ್ಲಿ ಇದು ಕಷ್ಟ ಎಂದು ಬಲ್ಲೆ. ಒಂದೇ ಕೋಣೆ, ಒಂದೇ ಮಂಚ. ಹಾಗಾದರೆ ಓದುವಾಗ ನೆಲದ ಮೇಲೆ ಚಾಪೆ ಹಾಸಿ ಕುಳಿತುಕೊಳ್ಳಿ. ಮಂಚದ ಮೇಲೇ ಕೂರಬೇಕಾಗಿ ಬಂದರೆ ಹಾಸಿಗೆಯನ್ನು ಮಡಚಿ ಬದಿಗಿಟ್ಟು ಕೂರಿ, ಮಲಗುವಾಗ ಮಾತ್ರ ಹಾಸಿ, ದಿಂಬು ಇಡಿ. ಗಡಿಯಾರವನ್ನು ಮಾತ್ರ ಗೋಡೆಯ ಕಡೆ ತಿರುಗಿಸಿಡಿ. ಸಮಯ ನೋಡಿದರೆ ಲೆಕ್ಕ ಶುರುವಾಗುತ್ತದೆ.

2. ತಲೆಯಲ್ಲಿರುವುದನ್ನು ಕಾಗದಕ್ಕೆ ಇಳಿಸಿ. 2018ರಲ್ಲಿ ಅಮೆರಿಕದ ಬೇಲರ್ ವಿಶ್ವವಿದ್ಯಾಲಯದವರು 57 ಯುವಜನರ ಮೇಲೆ ಒಂದು ಅಧ್ಯಯನ ಪ್ರಕಟಿಸಿದರು. ಮಲಗುವ ಮುನ್ನ ಅರ್ಧದಷ್ಟು ಜನ ಐದು ನಿಮಿಷ ಮುಂದಿನ ದಿನಗಳಲ್ಲಿ ಮಾಡಬೇಕಾದ ಕೆಲಸಗಳನ್ನು ಬರೆದರು. ಉಳಿದವರು ಮಾಡಿ ಮುಗಿಸಿದ್ದನ್ನು ಬರೆದರು. ಮಾಡಬೇಕಾದ್ದನ್ನು ಬರೆದವರಿಗೆ ಸರಾಸರಿ ಒಂಬತ್ತು ನಿಮಿಷ ಬೇಗ ನಿದ್ದೆ ಬಂತು. ವಿವರವಾಗಿ ಬರೆದಷ್ಟೂ ಹೆಚ್ಚು ಲಾಭವಾಯಿತು. "ರಸಾಯನಶಾಸ್ತ್ರ ಓದಬೇಕು" ಎಂದು ಬರೆಯಬೇಡಿ. "ನಾಳೆ ಆರರಿಂದ ಏಳರವರೆಗೆ ವಿದ್ಯುತ್ ರಸಾಯನದ ಐದು ಲೆಕ್ಕ" ಎಂದು ಬರೆಯಿರಿ. ಕಾಗದ ನೆನಪಿಟ್ಟುಕೊಂಡರೆ ತಲೆ ಬಿಟ್ಟುಬಿಡುತ್ತದೆ.

3. ಸ್ನಾಯುಗಳನ್ನು ಬಿಗಿಮಾಡಿ ಸಡಿಲಿಸಿ. ಎಡ್ಮಂಡ್ ಜೇಕಬ್ಸನ್ ಎಂಬ ಅಮೆರಿಕದ ವೈದ್ಯರು 1929ರಲ್ಲಿ ಸ್ನಾಯು ಸಡಿಲಿಕೆಯ ಬಗ್ಗೆ ಪುಸ್ತಕ ಬರೆದರು. ಈಗ ಬಳಕೆಯಲ್ಲಿರುವ ಸರಳ ರೂಪ ಹೀಗಿದೆ. ಅಂಗಾತ ಮಲಗಿ. ಪಾದದ ಬೆರಳುಗಳನ್ನು ಐದು ಸೆಕೆಂಡು ಬಿಗಿಯಾಗಿ ಮಡಚಿ, ಒಮ್ಮೆಲೇ ಬಿಟ್ಟುಬಿಡಿ. ಬಿಟ್ಟಾಗಿನ ಹಗುರವನ್ನು ಹದಿನೈದು ಸೆಕೆಂಡು ಗಮನಿಸಿ. ಹಾಗೆಯೇ ಮೀನಖಂಡ, ತೊಡೆ, ಹೊಟ್ಟೆ, ಮುಷ್ಟಿ, ತೋಳು, ಭುಜ, ದವಡೆ, ಹಣೆ. ದವಡೆ ಮತ್ತು ಭುಜ ಎಷ್ಟು ಬಿಗಿಯಾಗಿದ್ದವು ಎಂದು ಸಡಿಲಿಸಿದ ಮೇಲಷ್ಟೇ ನನಗೆ ತಿಳಿಯುತ್ತಿತ್ತು. ನೋವಿರುವ ಜಾಗವನ್ನು ಬಿಟ್ಟುಬಿಡಿ.

4. ನಿಧಾನವಾಗಿ ಉಸಿರು ಬಿಡಿ. ನಾಲ್ಕು ಎಣಿಸುವಷ್ಟು ಹೊತ್ತು ಮೂಗಿನಿಂದ ಒಳಗೆಳೆದು, ಆರು ಎಣಿಸುವಷ್ಟು ಹೊತ್ತು ಹೊರಗೆ ಬಿಡಿ. ಎದೆಯ ಬದಲು ಹೊಟ್ಟೆ ಏರಿಳಿಯಲಿ. ಉಸಿರು ಬಿಡುವಾಗ ವೇಗಸ್ ನರದ ಪ್ರಭಾವ ಹೆಚ್ಚಿ ಹೃದಯದ ಬಡಿತ ತುಸು ಇಳಿಯುತ್ತದೆ. ನಾಡಿ ಹಿಡಿದು ಪರೀಕ್ಷಿಸಿ ನೋಡಿ, ಗೊತ್ತಾಗುತ್ತದೆ. ಐದು ನಿಮಿಷ ಸಾಕು.

5. ನಿದ್ದೆ ಬರಲಿ ಎಂಬ ಹಟ ಬಿಡಿ. ಮೇಲಿನ ಯಾವುದನ್ನೂ "ಇದರಿಂದ ಈಗ ನಿದ್ದೆ ಬಂತಾ?" ಎಂದು ಪರೀಕ್ಷಿಸುತ್ತಾ ಮಾಡಬೇಡಿ. ಅದೂ ಓಟವೇ. "ನಿದ್ದೆ ಬಂದರೆ ಬರಲಿ, ಬಾರದಿದ್ದರೆ ಸುಮ್ಮನೆ ವಿಶ್ರಾಂತಿ" ಎಂದುಕೊಳ್ಳಿ. ನನಗೆ ಅತ್ಯಂತ ಕಷ್ಟವಾದದ್ದು ಇದು, ಹೆಚ್ಚು ಉಪಯೋಗವಾದದ್ದೂ ಇದೇ.

ರಾತ್ರಿಯ ನಿದ್ದೆ ಬೆಳಗ್ಗೆ ಆರಂಭ

ದಿನವೂ ಒಂದೇ ಸಮಯಕ್ಕೆ ಏಳುವುದು ಎಲ್ಲಕ್ಕಿಂತ ಮುಖ್ಯ. ಭಾನುವಾರವೂ ಹೆಚ್ಚೆಂದರೆ ಒಂದು ಗಂಟೆ ತಡವಾಗಲಿ. ಎದ್ದ ಮೇಲೆ ಅಂಗಳಕ್ಕೋ ಮಹಡಿಗೋ ಹೋಗಿ ಹತ್ತಿಪ್ಪತ್ತು ನಿಮಿಷ ಹಗಲ ಬೆಳಕಿನಲ್ಲಿರಿ. ದೇಹದ ಗಡಿಯಾರಕ್ಕೆ ಕೀಲಿ ಕೊಡುವುದು ಆ ಬೆಳಕು.

ಕಾಫಿ, ಚಹಾ ಮಧ್ಯಾಹ್ನಕ್ಕೇ ಮುಗಿಯಲಿ. ಕೆಫೀನ್ ಅಡೆನೊಸಿನ್‌ನ ಜಾಗದಲ್ಲಿ ಹೋಗಿ ಕುಳಿತು ಮಂಪರನ್ನು ಮರೆಮಾಡುತ್ತದೆ. ದೇಹದಲ್ಲಿ ಅದರ ಅರ್ಧಾಯುಷ್ಯ ಸುಮಾರು ಐದು ಗಂಟೆ. ಸಂಜೆ ಐದಕ್ಕೆ ಕುಡಿದ ಕಾಫಿಯ ಅರ್ಧದಷ್ಟು ಕೆಫೀನ್ ರಾತ್ರಿ ಹತ್ತಕ್ಕೂ ಉಳಿದಿರುತ್ತದೆ. ಓದಲೆಂದು ಹನ್ನೊಂದಕ್ಕೆ ಫ್ಲಾಸ್ಕ್ ತೆರೆಯುವವರು ಈ ಲೆಕ್ಕವನ್ನು ತಾವೇ ಮಾಡಿ ನೋಡಿ.

ಮಲಗುವ ಒಂದು ಗಂಟೆ ಮೊದಲು ಮೊಬೈಲ್ ಬೇರೆ ಕೋಣೆಯಲ್ಲಿರಲಿ. ಪರದೆಯ ನೀಲಿ ಬೆಳಕು ಮೆಲಟೋನಿನ್ ಅನ್ನು ತಗ್ಗಿಸುತ್ತದೆ ಎಂಬುದು ಒಂದು ಕಾರಣ. "ನಾನು ಮೂರನೇ ಸಲ ರಿವಿಷನ್ ಮುಗಿಸಿದೆ" ಎಂದು ಗುಂಪಿನಲ್ಲಿ ಯಾರೋ ಹಾಕಿದ ಸಂದೇಶ ಕೆಡಿಸುವ ನಿದ್ದೆ ಅದಕ್ಕಿಂತ ದೊಡ್ಡದು. ಅಲಾರಂಗೆ ಹಳೆಯ ಗಡಿಯಾರ ಸಾಕು. ಸಾಧ್ಯವಿದ್ದರೆ ಮಲಗುವ ಒಂದೆರಡು ಗಂಟೆ ಮೊದಲು ಬೆಚ್ಚಗಿನ ನೀರಿನಲ್ಲಿ ಸ್ನಾನ ಮಾಡಿ. ಚರ್ಮಕ್ಕೆ ರಕ್ತ ಹರಿದು, ಆಮೇಲೆ ದೇಹದ ಒಳಗಿನ ಉಷ್ಣತೆ ಇಳಿಯುತ್ತದೆ. ನಿದ್ದೆಗೆ ಅದೇ ಬೇಕು.

ಹಗಲು ನಿದ್ದೆ ಬೇಕೇಬೇಕೆನಿಸಿದರೆ ಮೂರು ಗಂಟೆಯೊಳಗೆ, 20 ನಿಮಿಷ ಮಾತ್ರ. ಆದರೆ ರಾತ್ರಿ ನಿದ್ದೆ ಬಾರದವರು ಕೆಲವು ವಾರ ಅದನ್ನೂ ಬಿಡುವುದು ಒಳ್ಳೆಯದು. ರಂಜಾನ್‌ನಲ್ಲಿ ಮಾತ್ರ ಲೆಕ್ಕ ಬೇರೆ. ಸಹರಿಗೆ ಏಳುವುದರಿಂದ ರಾತ್ರಿಯ ನಿದ್ದೆ ತುಂಡಾಗುತ್ತದೆ. ತರಾವೀಹ್ ಮುಗಿಸಿ ಬಂದವರು ಮಾತಿಗೆ ಕೂರದೆ ನೇರ ಮಲಗಲಿ, ಮಧ್ಯಾಹ್ನ ಜುಹರ್ ಹೊತ್ತಿನ ಚಿಕ್ಕ ನಿದ್ದೆಯನ್ನು ಇಟ್ಟುಕೊಳ್ಳಲಿ. ಇಫ್ತಾರ್ ನಂತರದ ಚಹಾ ಎರಡು ಲೋಟವಾಗದಿರಲಿ.

ಮಾತ್ರೆ ಯಾಕೆ ಬೇಡ?

ಈಗ ಆ ವಿದ್ಯಾರ್ಥಿನಿಯ ಪ್ರಶ್ನೆ. ಅಜ್ಜಿಗೆ ವೈದ್ಯರು ಬರೆದ ಮಾತ್ರೆ ಅಜ್ಜಿಯ ವಯಸ್ಸು, ತೂಕ, ಕಾಯಿಲೆ ನೋಡಿ ಬರೆದದ್ದು. ಅದರಲ್ಲಿ ಅರ್ಧ ಎಂದರೆ ನಿಮಗೆ ಸರಿಯಾದ ಪ್ರಮಾಣ ಎಂದಲ್ಲ. ಅನೇಕ ನಿದ್ದೆ ಮಾತ್ರೆಗಳ ಮಂಪರು ಮರುದಿನವೂ ಉಳಿದು, ಹೊಸದನ್ನು ನೆನಪಿಡುವ ಶಕ್ತಿಯನ್ನೇ ಕುಗ್ಗಿಸುತ್ತದೆ. ಓದಲೆಂದು ಮಲಗಿದವರಿಗೆ ಇದಕ್ಕಿಂತ ನಷ್ಟ ಬೇರಿಲ್ಲ. ಕೆಲವು ವಾರ ತೆಗೆದುಕೊಂಡರೆ ಅವಲಂಬನೆ ಬೆಳೆಯಬಹುದು, ಬಿಟ್ಟಾಗ ನಿದ್ದೆ ಮೊದಲಿಗಿಂತ ಹೆಚ್ಚು ಕೆಡಬಹುದು. ಬೇರೆ ಔಷಧಿಯೊಂದಿಗೆ ಸೇರಿದರೆ ಉಸಿರಾಟಕ್ಕೇ ಅಪಾಯವಾಗಬಹುದು. ವಯಸ್ಕರ ದೀರ್ಘಕಾಲದ ನಿದ್ರಾಹೀನತೆಗೂ ಮೊದಲ ಚಿಕಿತ್ಸೆ ಮಾತ್ರೆಯಲ್ಲ, ಮೇಲೆ ಹೇಳಿದಂಥ ಅಭ್ಯಾಸ ಮತ್ತು ಯೋಚನೆಗಳನ್ನು ತಿದ್ದುವ ಚಿಕಿತ್ಸೆ ಎಂದು ಅಮೆರಿಕನ್ ಕಾಲೇಜ್ ಆಫ್ ಫಿಸಿಷಿಯನ್ಸ್ 2016ರಲ್ಲೇ ಹೇಳಿದೆ.

ವಾರಕ್ಕೆ ಮೂರು ರಾತ್ರಿಯಾದರೂ ನಿದ್ದೆ ಕೆಟ್ಟು, ಅದು ಮೂರು ತಿಂಗಳು ಮುಂದುವರಿದರೆ ಅದನ್ನು ದೀರ್ಘಕಾಲದ ನಿದ್ರಾಹೀನತೆ ಎನ್ನುತ್ತಾರೆ. ನೀವು ಅಷ್ಟು ದಿನ ಕಾಯಬೇಕಿಲ್ಲ. ಎರಡು ಮೂರು ವಾರದಲ್ಲಿ ಸುಧಾರಿಸದಿದ್ದರೆ, ನಿದ್ದೆಯಲ್ಲಿ ಉಸಿರು ಕಟ್ಟಿದಂತಾಗುತ್ತಿದ್ದರೆ, ಊಟ ಸೇರದೆ ಸದಾ ದುಃಖವಾಗುತ್ತಿದ್ದರೆ, ಮನೆಯವರೊಂದಿಗೆ ವೈದ್ಯರ ಬಳಿ ಹೋಗಿ. ಬದುಕು ಬೇಡ ಎನಿಸಿದರೆ ಅಂದೇ ಯಾರಿಗಾದರೂ ಹೇಳಿ. ಟೆಲಿ-ಮಾನಸ್ ಎಂಬ ಸರ್ಕಾರಿ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಬಹುದು. ಕನ್ನಡದಲ್ಲೇ ಮಾತನಾಡಬಹುದು.

ಒಂದು ವಾರದ ಅಭ್ಯಾಸ

ನೋಟ್‌ಬುಕ್ಕಿನಲ್ಲಿ ಐದು ಕಾಲಂ ಹಾಕಿ: ಮಲಗಿದ ಸಮಯ, ನಿದ್ದೆ ಬಂದ ಅಂದಾಜು ಸಮಯ, ಎದ್ದ ಸಮಯ, ಕೊನೆಯ ಕಾಫಿ ಅಥವಾ ಚಹಾ, ಹಗಲು ಮಲಗಿದ ಹೊತ್ತು. ಬೆಳಗ್ಗೆ ಎದ್ದ ಮೇಲೆ ತುಂಬಿಸಿ, ರಾತ್ರಿ ಅಲ್ಲ. ಏಳು ದಿನದ ನಂತರ ನೋಡಿದರೆ ನಿಮ್ಮ ನಿದ್ದೆ ಎಲ್ಲಿ ಸೋರುತ್ತಿದೆ ಎಂದು ನಿಮಗೇ ಕಾಣುತ್ತದೆ. ನನ್ನ ಪುಸ್ತಕದಲ್ಲಿ ಕಂಡದ್ದು: ಒಂಬತ್ತು ಗಂಟೆ ಹಾಸಿಗೆಯಲ್ಲಿ, ನಾಲ್ಕೂವರೆ ಗಂಟೆ ನಿದ್ದೆ. ಹಾಸಿಗೆಗೆ ಹೋಗುವ ಸಮಯವನ್ನು ವೈದ್ಯರು ಹೇಳಿದಂತೆ ತಡಮಾಡಿದೆ. ಮೊದಲ ವಾರ ಇನ್ನೂ ಕೆಟ್ಟದಾಗಿತ್ತು, ಬಿಟ್ಟುಬಿಡೋಣ ಎನಿಸಿತು. ಮೂರನೇ ವಾರ ಒಂದು ರಾತ್ರಿ ನಿದ್ದೆ ಯಾವಾಗ ಬಂತೆಂದೇ ತಿಳಿಯಲಿಲ್ಲ.

ನನ್ನ ಸಹೋದ್ಯೋಗಿಗಳಿಗೂ ಒಂದು ಮಾತು. ರಾತ್ರಿ ಹತ್ತರ ನಂತರ ತರಗತಿಯ ಗುಂಪಿಗೆ ಅಸೈನ್‌ಮೆಂಟ್ ಕಳುಹಿಸುವ ಅಭ್ಯಾಸ ನನಗೂ ಇತ್ತು. ಈಗ ಬಿಟ್ಟಿದ್ದೇನೆ. ನೀವೂ ಯೋಚಿಸಿ. ತೂಕಡಿಸುವ ಹುಡುಗನನ್ನು ನಿಲ್ಲಿಸುವ ಮೊದಲು "ರಾತ್ರಿ ಎಷ್ಟಕ್ಕೆ ಮಲಗಿದೆಯಪ್ಪಾ?" ಎಂದು ಒಮ್ಮೆ ಕೇಳೋಣ.

ಆ ವಿದ್ಯಾರ್ಥಿನಿಯ ಅಮ್ಮ ಕಾಲೇಜಿಗೆ ಬಂದಿದ್ದರು. ಮಾತ್ರೆಗಳು ಈಗ ಬೀಗದ ಕಪಾಟಿನಲ್ಲಿವೆ, ಮಗಳನ್ನು ವೈದ್ಯರಿಗೂ ತೋರಿಸಿದ್ದಾರೆ. ಮೊನ್ನೆ ಅವಳೇ ಬಂದು ಹೇಳಿದಳು: "ಈಗ ಅರ್ಧ ಗಂಟೆಯಲ್ಲಿ ನಿದ್ದೆ ಬರುತ್ತದೆ ಮೇಡಂ. ಕೆಲವು ದಿನ ಬರುವುದಿಲ್ಲ." ನಂತರ ಕೇಳಿದಳು: "ಪರೀಕ್ಷೆಯ ಹಿಂದಿನ ರಾತ್ರಿಯೇ ಬಾರದಿದ್ದರೆ?"

ಅವಳಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. ಒಂದು ರಾತ್ರಿ ನಿದ್ದೆ ಕಡಿಮೆಯಾದರೆ ವರ್ಷದ ಓದು ಅಳಿಸಿಹೋಗುವುದಿಲ್ಲ. ಆ ದಿನದ ಎಚ್ಚರಕ್ಕೆ ಬೇಕಾದ್ದನ್ನು ದೇಹ ಹೇಗೋ ಒದಗಿಸುತ್ತದೆ. ಕಣ್ಣು ಮುಚ್ಚಿ, ಭುಜ ಸಡಿಲಿಸಿ, ಉಸಿರು ನಿಧಾನವಾಗಿ ಬಿಡುತ್ತಾ ಮಲಗಿರು. ಬೇಕಾದರೆ ಎದ್ದು ಸ್ವಲ್ಪ ಹೊತ್ತು ಕುಳಿತು ಬಾ. ನಿದ್ದೆ ಬರಲೇಬೇಕೆಂದು ಕಾಯಬೇಡ. ಅದರ ದಾರಿಗೆ ನೀನು ಅಡ್ಡ ನಿಲ್ಲದಿದ್ದರೆ ಸಾಕು.



ಉಪನ್ಯಾಸಕಿ, ಜೀವಶಾಸ್ತ್ರ ವಿಭಾಗ